ಮರಿ ಬಾಲ್ ಪೈಥಾನ್ ಇಲಿ ಮುಟ್ತಿಲ್ಲ: ಟ್ಯಾಂಕ್ ಸರಿ ಇಲ್ವಾ, ಊಟ ಸರಿ ಇಲ್ವಾ?

ಸವಿತಾ_ಮಿನಿಯಾಪೊಲಿಸ್
ಎಲ್ಲರಿಗೂ ನಮಸ್ಕಾರ. ಹಾವು ಸಾಕಿರೋರು ಇಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಸ್ವಲ್ಪ ಹೇಳಿ. ಮಗಳಿಗೆ ಹದಿಮೂರು ವರ್ಷ, ಚಿಕ್ಕೋಳಿದ್ದಾಗಿಂದ ಹಾವು ಹಲ್ಲಿ ಅಂದ್ರೆ ಪ್ರಾಣ, ಓದಿ ಓದಿ ನಮ್ಮನ್ನೂ ಒಪ್ಪಿಸಿ ಕೊನೆಗೆ ಇಲ್ಲೊಂದು ರೆಪ್ಟೈಲ್ ಎಕ್ಸ್‌ಪೋದಲ್ಲಿ ಬ್ರೀಡರ್ ಹತ್ರ ಬಾಲ್ ಪೈಥಾನ್ ಅನ್ನೋ ಸಣ್ಣ ಜಾತಿ ಹೆಬ್ಬಾವಿನ ಮರಿ ತಗೊಂಡ್ಲು. ಗಂಡು ಮರಿ, 90 ಗ್ರಾಂ ಇದೆ, ಮಾಮೂಲಿ ಕಪ್ಪು ಕಂದು ಬಣ್ಣದ್ದು. ಅದರ ಜೊತೆ ಪೆಟ್ ಅಂಗಡಿಯಿಂದ ಒಂದು ಕಿಟ್ ತಂದ್ವಿ: 40 ಗ್ಯಾಲನ್ ಗಾಜಿನ ಟ್ಯಾಂಕ್, ಮೇಲೆ ಜಾಲರಿ ಮುಚ್ಚಳ, ಕೆಂಪು ಬಲ್ಬು, ಕೆಳಗೆ ಅಂಟಿಸೋ ಹೀಟ್ ಮ್ಯಾಟು, ಅರ್ಧ ಮರದ ದಿಮ್ಮಿ ಥರ ಒಂದು ಹೈಡ್ (ಹಾವು ಅಡಗಿಕೊಳ್ಳೋ ಗೂಡು), ನೀರಿನ ಬಟ್ಟಲು. ಮನೆಗೆ ಬಂದಾಗಿಂದ ಏನೂ ತಿಂದಿಲ್ಲ. ಫ್ರೋಜನ್ ಇಲಿ ಮರಿ ಬಿಸಿ ಮಾಡಿ ಮುಂದೆ ಹಿಡಿದ್ರೆ ಮುಖ ತಿರುಗಿಸ್ಕೊಂಡು ಹೋಗತ್ತೆ. ರಾತ್ರಿ ಎಲ್ಲ ಗಾಜಿಗೆ ಮೂತಿ ಒತ್ತುತ್ತಾ ಸುತ್ತತ್ತೆ. ಬ್ರೀಡರ್ ಅವರು ತಮ್ಮ ಹತ್ರ ಇದ್ದಾಗ ಜೀವಂತ ಇಲಿ ತಿಂತಿತ್ತು ಅಂತಾರೆ.

ಇನ್ನೊಂದು ವಿಷಯ, ನಾವು ಸಸ್ಯಾಹಾರಿಗಳು. ಹಾಸನದಿಂದ ಅತ್ತೆ ಬರ್ತಿದ್ದಾರೆ. ಫ್ರೀಜರ್‌ನಲ್ಲಿ ಇಲಿ ಇಟ್ಟಿರೋದನ್ನ ಹೇಗೆ ನಿಭಾಯಿಸೋದು ಅನ್ನೋದಕ್ಕೂ ಸಲಹೆ ಇದ್ರೆ ಕೊಡಿ. ಮಗಳು ದಿನಾ ಕಣ್ಣೀರು ಹಾಕ್ತಿದ್ದಾಳೆ ಹಾವು ಸತ್ತೋಗತ್ತೆ ಅಂತ.

ಪ್ರಶಾಂತ_ಆಸ್ಟಿನ್
ಮೊದಲು ನಂಬರ್ ಹೇಳಿ ಮೇಡಂ. ಬಿಸಿ ಕಡೆ ನೆಲ ಎಷ್ಟು ಡಿಗ್ರಿ, ತಂಪು ಕಡೆ ಎಷ್ಟು, ಹ್ಯುಮಿಡಿಟಿ ಎಷ್ಟು? ಮ್ಯಾಟಿಗೆ ಬಿಸಿ ಹತೋಟಿಯಲ್ಲಿಡೋ ಥರ್ಮೋಸ್ಟ್ಯಾಟ್ ಇದೆಯಾ? ಇದು ಗೊತ್ತಾಗದೆ ಊಟದ ಮಾತಾಡಿ ಪ್ರಯೋಜನ ಇಲ್ಲ.

ನಾಗರಾಜ_ಪುತ್ತೂರು
ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಕಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಅದು ಮೂತಿ ಒತ್ತುವುದು ಹೊರಗೆ ಹೋಗಬೇಕು ಅಂತ ಅಲ್ವಾ?

ಸವಿತಾ_ಮಿನಿಯಾಪೊಲಿಸ್
ಪ್ರಶಾಂತ್, ಈಗ್ತಾನೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದ್ವಿ. ಮ್ಯಾಟ್ ಮೇಲಿನ ಗಾಜು 41 ಡಿಗ್ರಿ ಸೆಲ್ಸಿಯಸ್. ಆ ಕಡೆ ಮೂಲೆ 22. ಹ್ಯುಮಿಡಿಟಿ 24 ಪರ್ಸೆಂಟ್, ಹೊರಗೆ ಹಿಮ, ಮನೇಲಿ ದಿನವಿಡೀ ಹೀಟರ್ ಓಡ್ತಿರತ್ತೆ. ಥರ್ಮೋಸ್ಟ್ಯಾಟ್ ಕಿಟ್‌ನಲ್ಲಿ ಬಂದಿರ್ಲಿಲ್ಲ.

ಪ್ರಶಾಂತ_ಆಸ್ಟಿನ್
41 ಆ? ಮೊದಲು ಆ ಮ್ಯಾಟ್ ಪ್ಲಗ್ ಕಿತ್ತು ಹಾಕಿ. ಈಗ್ಲೇ. ಉಳಿದಿದ್ದು ಆಮೇಲೆ.

ಅನು_ಲೀಡ್ಸ್
ಸವಿತಾ ಅವರೇ, ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಎಕ್ಸಾಟಿಕ್ ಪ್ರಾಣಿಗಳ ಕ್ಲಿನಿಕ್ ಒಂದ್ರಲ್ಲಿ ವೆಟ್ (ಪಶುವೈದ್ಯರ) ನರ್ಸು, ಇಲ್ಲಿ ಇದನ್ನ ರಾಯಲ್ ಪೈಥಾನ್ ಅಂತಾರೆ, ವಾರಕ್ಕೆ ಒಂದಾದ್ರೂ "ತಿಂತಿಲ್ಲ" ಅಂತ ಬರತ್ತೆ. ಬಂದಿದ್ರಲ್ಲಿ ಹೆಚ್ಚಿನವಕ್ಕೆ ಕಾಯಿಲೆ ಏನೂ ಇರಲ್ಲ, ಇರೋ ಜಾಗ ಸರಿ ಇರಲ್ಲ ಅಷ್ಟೇ. ಪ್ರಶಾಂತ್ ಹೇಳಿದ್ದು ನೂರಕ್ಕೆ ನೂರು ನಿಜ, ಥರ್ಮೋಸ್ಟ್ಯಾಟ್ ಇಲ್ಲದ ಹೀಟ್ ಮ್ಯಾಟ್ ಹೊಟ್ಟೆ ಚರ್ಮ ಸುಡತ್ತೆ. ಸುಡ್ತಿದ್ರೂ ಎಷ್ಟೋ ಹಾವು ಅಲ್ಲಿಂದ ಎದ್ದು ಹೋಗೋದೇ ಇಲ್ಲ, ನಾನು ಬ್ಯಾಂಡೇಜ್ ಕಟ್ಟಿದ್ದೀನಿ. ಇವತ್ತು ಹೊಟ್ಟೆ ಕಡೆಯ ಚಿಪ್ಪುಗಳನ್ನ ನೋಡಿ, ಕೆಂಪಗೆ ಅಥವಾ ಕಂದಾಗಿ ನೀರು ತುಂಬಿಕೊಂಡ ಹಾಗಿದ್ರೆ ವೆಟ್ ಹತ್ರ ಹೋಗಲೇಬೇಕು.

ಈ ಹಾವು ಪಶ್ಚಿಮ ಮತ್ತು ಮಧ್ಯ ಆಫ್ರಿಕದ್ದು. ಘಾನಾ, ಟೋಗೊ, ಬೆನಿನ್ ಕಡೆ ಹುಲ್ಲುಗಾವಲಲ್ಲಿ, ಹೊಲದ ಬದುಗಳಲ್ಲಿ, ಇಲಿ ಬಿಲದೊಳಗೆ, ಗೆದ್ದಲ ಹುತ್ತದೊಳಗೆ ಹಗಲೆಲ್ಲ ಸೇರ್ಕೊಂಡು ರಾತ್ರಿ ಹೊರಗೆ ಬರೋ ಜೀವ. ಹೊರಗೆ ಬಿಸಿಲು ಒಣಹವೆ ಇದ್ರೂ ಬಿಲದೊಳಗೆ ಬೆಚ್ಚಗೆ ತೇವವಾಗಿರತ್ತೆ. ನೀವು ಟ್ಯಾಂಕಿನಲ್ಲಿ ಮಾಡಬೇಕಾಗಿರೋದು ಆ ಬಿಲವನ್ನ. ಬಿಸಿ ಕಡೆ ನೆಲ 31ರಿಂದ 33 ಡಿಗ್ರಿ, ಅಂದ್ರೆ ನಿಮ್ಮ ಲೆಕ್ಕದಲ್ಲಿ 88ರಿಂದ 91 ಫ್ಯಾರನ್‌ಹೀಟ್. ತಂಪು ಕಡೆ 25, 26. ರಾತ್ರಿ ಕೂಡ 23, 24ಕ್ಕಿಂತ ಕೆಳಗೆ ಬೇಡ. ಹ್ಯುಮಿಡಿಟಿ 60ರಿಂದ 70 ಪರ್ಸೆಂಟ್.

ಒಂದೇ ಹೈಡ್ ಸಾಕಾಗಲ್ಲ. ಬಿಸಿ ಕಡೆ ಒಂದು, ತಂಪು ಕಡೆ ಒಂದು, ಎರಡೂ ಒಂದೇ ಅಳತೆದು ಇರಲಿ. ಒಂದೇ ಇದ್ರೆ ಹಾವು ಮೈ ಬಿಸಿ ಬೇಕಾ ಅಡಗಿಕೊಳ್ಳಬೇಕಾ ಅಂತ ಆರಿಸಿಕೊಳ್ಳಬೇಕಾಗತ್ತೆ, ಹೆಚ್ಚಿನ ಸಲ ಅಡಗೋದನ್ನೇ ಆರಿಸಿಕೊಳ್ಳತ್ತೆ, ತಣ್ಣಗಿರೋ ಹಾವಿಗೆ ಹಸಿವಾಗಲ್ಲ. ಅರ್ಧ ದಿಮ್ಮಿ ಎರಡೂ ಕಡೆ ತೆರೆದಿರತ್ತೆ, ಅದು ಹೈಡ್ ಅಂತ ಲೆಕ್ಕಕ್ಕೇ ಇಲ್ಲ. ಸುರುಳಿ ಸುತ್ತಿ ಕೂತಾಗ ಬೆನ್ನು ಪಕ್ಕ ಎಲ್ಲ ಗೋಡೆಗೆ ತಾಗಬೇಕು, ಒಂದೇ ಒಂದು ಸಣ್ಣ ಬಾಗಿಲು ಇರಬೇಕು. 90 ಗ್ರಾಂ ಮರಿಗೆ ದೊಡ್ಡ ತೆಂಗಿನ ಚಿಪ್ಪು ಬೋರಲು ಹಾಕಿ ಅಂಚಲ್ಲಿ ಬಾಗಿಲು ಕೊರೆದು ಉಜ್ಜಿ ನುಣುಪು ಮಾಡಿದ್ರೆ ಚೆನ್ನಾಗಿ ಆಗತ್ತೆ.

ಕೆಂಪು ಬಲ್ಬ್ ತೆಗೀರಿ. ಹಾವಿಗೆ ಕೆಂಪು ಬೆಳಕು ಕಾಣಲ್ಲ ಅಂತ ಅಂಗಡಿಯವರು ಹೇಳ್ತಾರೆ, ಅದನ್ನ ನಂಬಬೇಡಿ, ರಾತ್ರಿ ಅಂದ್ರೆ ಪೂರ್ತಿ ಕತ್ತಲೆ ಬೇಕು. ಬೆಳಕಿಲ್ಲದೆ ಬಿಸಿ ಮಾತ್ರ ಕೊಡೋ ಸೆರಾಮಿಕ್ ಬಲ್ಬ್ ಸಿಗತ್ತೆ, ಅದಕ್ಕೂ ಥರ್ಮೋಸ್ಟ್ಯಾಟ್ ಹಾಕಿ.

ರವಿ_ನ್ಯೂಜೆರ್ಸಿ
ಇಷ್ಟೆಲ್ಲ ಯಾಕೆ? ಪ್ಲಾಸ್ಟಿಕ್ ಟಬ್‌ಗೆ ಹಾಕಿ. ಬಟ್ಟೆ ಇಡ್ತೀವಲ್ಲ ಮುಚ್ಚಳ ಇರೋದು, ಅದರ ಪಕ್ಕಕ್ಕೆ ತೂತು ಹೊಡೆದು, ಒಳಗೆ ಪೇಪರ್ ಟವಲ್, ಒಂದು ಹೈಡ್, ನೀರು. ದೊಡ್ಡ ಬ್ರೀಡರ್‌ಗಳೆಲ್ಲ ರ‍್ಯಾಕ್‌ನಲ್ಲಿ ಟಬ್‌ನಲ್ಲೇ ಇಡೋದು. ಸಣ್ಣ ಮರಿಗೆ 40 ಗ್ಯಾಲನ್ ಟ್ಯಾಂಕ್ ಜಾಸ್ತಿ ದೊಡ್ಡದು, ಹೆದರಿಕೊಂಡು ತಿನ್ನಲ್ಲ. ಟಬ್‌ಗೆ ಹಾಕಿದ ಮೂರನೇ ದಿನ ತಿನ್ನತ್ತೆ ಬರೆದಿಟ್ಕೊಳ್ಳಿ.

ಅನು_ಲೀಡ್ಸ್
ರವಿ, ನಾನು ಒಪ್ಪಲ್ಲ. ಟ್ಯಾಂಕ್ ದೊಡ್ಡದಾಗಿದ್ದು ತೊಂದರೆ ಅಲ್ಲ, ಖಾಲಿಯಾಗಿದ್ದು ತೊಂದರೆ. ಕಾಡಲ್ಲಿ ಅದಕ್ಕೆ ಗೋಡೆಯೇ ಇಲ್ಲವಲ್ಲ. ಪ್ಲಾಸ್ಟಿಕ್ ಎಲೆ ಬಳ್ಳಿ, ಕಾರ್ಕ್ ತೊಗಟೆ, ಒಣ ಎಲೆ ತುಂಬಿ, ಒಂದು ಹೈಡಿಂದ ಇನ್ನೊಂದಕ್ಕೆ ಯಾರಿಗೂ ಕಾಣದೆ ಹೋಗೋ ಹಾಗೆ ದಾರಿ ಮಾಡಿಕೊಟ್ರೆ ಮರಿ ದೊಡ್ಡ ಜಾಗದಲ್ಲೂ ಧೈರ್ಯವಾಗಿರತ್ತೆ. ಬ್ರೀಡರ್‌ಗಳು ನೂರಾರು ಹಾವನ್ನ ಕಡಿಮೆ ಜಾಗದಲ್ಲಿ ನೋಡ್ಕೋಬೇಕು, ಅದಕ್ಕೆ ಟಬ್. ಮನೇಲಿ ಒಂದೇ ಹಾವು ಇರೋರಿಗೆ ಆ ಲೆಕ್ಕ ಯಾಕೆ?

ರವಿ_ನ್ಯೂಜೆರ್ಸಿ
ತಿನ್ನದೇ ಇರೋ ಮರೀನ ಮೊದಲು ತಿನ್ನಿಸೋದು ಮುಖ್ಯ ಅಕ್ಕ, ಅಲಂಕಾರ ಆಮೇಲೆ ಮಾಡಬಹುದು. ನನ್ನ ಎರಡು ಹಾವೂ ಟಬ್‌ನಲ್ಲೇ ಬೆಳೆದಿದ್ದು, ಚೆನ್ನಾಗಿವೆ.

ಪ್ರಶಾಂತ_ಆಸ್ಟಿನ್
ಇಬ್ರೂ ಹೇಳ್ತಿರೋದು ಒಂದೇ ಅಲ್ವಾ, ಮರಿಗೆ ಯಾರೂ ನನ್ನ ನೋಡ್ತಿಲ್ಲ ಅನ್ನಿಸಬೇಕು. ಸವಿತಾ ಮೇಡಂ ಹತ್ರ ಟ್ಯಾಂಕ್ ಆಗ್ಲೇ ಇದೆ, ಅದನ್ನೇ ಸರಿ ಮಾಡೋಣ. ಟ್ಯಾಂಕಿನ ಮೂರು ಗೋಡೆಗೆ ಹೊರಗಡೆಯಿಂದ ಕಪ್ಪು ಕಾಗದ ಅಂಟಿಸಿ. ಜಾಲರಿ ಮುಚ್ಚಳದ ಮುಕ್ಕಾಲು ಭಾಗ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಬಲ್ಬ್ ಜಾಗ ಬಿಟ್ಟು. ಕೆಳಗೆ ಏನು ಹಾಸಿದ್ದೀರಿ? ಸೀಡರ್ ಆಗ್ಲಿ ಪೈನ್ ಆಗ್ಲಿ ಮರದ ಹೊಟ್ಟು ಬೇಡ, ಅದರ ಎಣ್ಣೆ ಹಾವಿನ ಶ್ವಾಸಕೋಶಕ್ಕೆ ಒಳ್ಳೇದಲ್ಲ. ತೆಂಗಿನ ನಾರಿನ ಚೂರು ಮತ್ತೆ ಕೋಕೋಪೀಟ್ ಬೆರೆಸಿ ಮೂರು ನಾಲ್ಕು ಇಂಚು ದಪ್ಪ ಹಾಕಿ, ಒಂದು ಮೂಲೇಲಿ ನಿಧಾನಕ್ಕೆ ನೀರು ಹುಯ್ಯಿರಿ, ಅಡಿ ಒದ್ದೆ ಮೇಲೆ ಒಣಗಿರಬೇಕು. ಮೇಲಿಂದ ಸ್ಪ್ರೇ ಮಾಡೋದು ಒಂದು ಗಂಟೆಗೆ ಆರಿ ಹೋಗತ್ತೆ, ಮೇಲ್ಗಡೆ ಯಾವಾಗಲೂ ಒದ್ದೆ ಇದ್ರೆ ಹೊಟ್ಟೆ ಚಿಪ್ಪು ಕೊಳೆಯತ್ತೆ. ಇಷ್ಟು ದಪ್ಪ ಹಾಸಿದ ಮೇಲೆ ಕೆಳಗಿನ ಮ್ಯಾಟ್ ಉಪಯೋಗಕ್ಕೆ ಬರಲ್ಲ, ಬಿಸಿ ಮೇಲಿಂದಾನೇ ಕೊಡಿ.

ಬೆಳೆದ ಮೇಲೆ 4 ಅಡಿ ಉದ್ದ 2 ಅಡಿ ಅಗಲದ್ದು ಬೇಕಾಗತ್ತೆ. ಆಗ ಗಾಜು ಬಿಟ್ಟು ಪಿವಿಸಿದು ತಗೊಳ್ಳಿ, ಮಿನಿಸೋಟ ಚಳಿಗಾಲದಲ್ಲಿ ಗಾಜಲ್ಲಿ ತೇವ ನಿಲ್ಲಿಸೋದು ಕಷ್ಟ.

ಬಸವರಾಜ_ಧಾರವಾಡ
ಭಾಳ ಛಂದ ಮಾಹಿತಿ ರೀ. ನನಗೂ ಒಂದು ಸಾಕಬೇಕಂತ ಆಸೆ ಐತಿ. ಬೆಂಗಳೂರಾಗ ಸಿಗತಾವಂತ, ಒಬ್ಬಾವ ಫೋನಿನ್ಯಾಗ ಫೋಟೋ ಕಳಿಸ್ಯಾನ, ಬಿಳಿ ಹಳದಿ ಬಣ್ಣದ್ದು. ಇಲ್ಲಿ ಹವಾಮಾನಕ್ಕ ಹೊಂದತೈತೇನ್ರಿ?

ಕಾಡುಪಾಪ_ಬೆಂಗಳೂರು
ಬಸವರಾಜಣ್ಣ, ದಯವಿಟ್ಟು ಆ ವ್ಯವಹಾರಕ್ಕೆ ಕೈ ಹಾಕಬೇಡಿ. ಹವಾಮಾನದ ಪ್ರಶ್ನೆ ಆಮೇಲೆ. ಬಾಲ್ ಪೈಥಾನ್ ಸೈಟಿಸ್ ಅಂದ್ರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಅಪೆಂಡಿಕ್ಸ್ 2ರಲ್ಲಿರೋ ಪ್ರಾಣಿ. 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಅದರಲ್ಲಿ ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆ ಶೆಡ್ಯೂಲ್ 4 ಅಂತ ಬೇರೆಯೇ ಮಾಡಿದ್ದಾರೆ. 2024ರ ಫೆಬ್ರವರಿಯಲ್ಲಿ ನಿಯಮ ಬಂತು, ಇಂಥ ಪ್ರಾಣಿ ಇಟ್ಟುಕೊಂಡಿರೋರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಅಂತ. ಫೋನಿನಲ್ಲಿ ಫೋಟೋ ಕಳಿಸಿ ಮಾರೋನ ಹತ್ರ ಕಾಗದ ಎಲ್ಲಿರತ್ತೆ? ನಾಳೆ ಅರಣ್ಯ ಇಲಾಖೆಯವರು ಬಂದ್ರೆ ಉತ್ತರ ಕೊಡಬೇಕಾದೋರು ನೀವು.

ಇವು ಹೇಗೆ ಬರ್ತಾವೆ ಅಂತಾನೂ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿಂದ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ವು, ಜೊತೆಗೆ 6 ಕ್ಯಾಪುಚಿನ್ ಕೋತಿ, ಕೋತಿ ಆರೂ ಸತ್ತೇ ಹೋಗಿದ್ವು. ಸೂಟ್‌ಕೇಸಿನಲ್ಲಿ ತುಂಬಿ ತರೋದು. ನಾವು ಒಂದು ಕೊಂಡ್ರೆ ಅವರು ಇನ್ನೊಂದು ಸೂಟ್‌ಕೇಸ್ ತುಂಬ್ತಾರೆ. ಇದನ್ನ ನೆನಸಿಕೊಂಡ್ರೆ ನನಗೆ ಹೊಟ್ಟೆ ಉರಿಯತ್ತೆ.

ಬಸವರಾಜ_ಧಾರವಾಡ
ಇದು ನನಗ ಗೊತ್ತಿದ್ದಿಲ್ಲ ರೀ. ಬ್ಯಾಡ ಬಿಡ್ರಿ ಹಂಗಾರ. ಮತ್ತ ನಮ್ಮ ಹೊಲದಾಗ ಸಿಗೋ ಹೆಬ್ಬಾವು?

ಕಾಡುಪಾಪ_ಬೆಂಗಳೂರು
ಅದಂತೂ ಶೆಡ್ಯೂಲ್ 1 ಅಣ್ಣ, ಹುಲಿ ಆನೆ ಇರೋ ಪಟ್ಟಿ. ಹಿಡಿದು ಇಟ್ಟುಕೊಂಡ್ರೆ ಜೈಲು. ಹೊಲದಲ್ಲಿ ಕಂಡ್ರೆ ದೂರ ನಿಂತು ನೋಡಿ, ಮನೆ ಹತ್ರ ಬಂದ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕೆಂಚಪ್ಪ_ಶಿವಮೊಗ್ಗ
ಅಮೆರಿಕದಲ್ಲಿ ಇದೆಲ್ಲ ಕಾನೂನು ಇಲ್ವಾ? ಯಾರು ಬೇಕಾದ್ರೂ ಹೆಬ್ಬಾವು ಸಾಕಬಹುದಾ?

ಪ್ರಶಾಂತ_ಆಸ್ಟಿನ್
ರಾಜ್ಯಕ್ಕೊಂದು ಥರ ಸರ್. ಹವಾಯಿಯಲ್ಲಿ ಯಾವ ಹಾವೂ ಸಾಕೋ ಹಾಗಿಲ್ಲ. ಫ್ಲಾರಿಡಾ ಎವರ್‌ಗ್ಲೇಡ್ಸ್ ಕಾಡಲ್ಲಿ ಬರ್ಮೀಸ್ ಹೆಬ್ಬಾವು ಹಬ್ಬಿ ಅಲ್ಲಿನ ಪ್ರಾಣಿಗಳನ್ನೆಲ್ಲ ತಿಂದು ಹಾಕ್ತಿರೋದ್ರಿಂದ ಅದರ ಮೇಲೆ ಬಿಗಿ ಇದೆ. ಬಾಲ್ ಪೈಥಾನ್ ಸಣ್ಣದು, ಗಂಡು ಮೂರು ಮೂರೂವರೆ ಅಡಿ, ಹೆಣ್ಣು ನಾಲ್ಕು ಐದು ಅಡಿ. ಇಲ್ಲಿ ಮಾರೋದ್ರಲ್ಲಿ ಬಹಳಷ್ಟು ಇಲ್ಲೇ ಮೊಟ್ಟೆಯೊಡೆದ ಮರಿಗಳು. ಆದ್ರೆ ಊರಿನ ನಿಯಮ, ಅಪಾರ್ಟ್‌ಮೆಂಟ್ ಕರಾರು ನೋಡ್ಕೋಬೇಕು.

ಅನು_ಲೀಡ್ಸ್
ಕೊಳ್ಳೋವಾಗ ಇಲ್ಲೇ ಹುಟ್ಟಿದ್ದಾ ಅಂತ ಕೇಳಲೇಬೇಕು. ಪಶ್ಚಿಮ ಆಫ್ರಿಕದಲ್ಲಿ ಮೊಟ್ಟೆ ಹೊತ್ತ ಹೆಣ್ಣನ್ನ ಕಾಡಿಂದ ಹಿಡಿದು, ಮರಿ ಮಾಡಿಸಿ ರಫ್ತು ಮಾಡೋ ದಂಧೆ ಬಹಳ ವರ್ಷದಿಂದ ಇದೆ. ಹಾಗೆ ಬಂದವು ಮೈ ತುಂಬ ರಕ್ತ ಹೀರೋ ಉಣುಗು, ಹೊಟ್ಟೆ ತುಂಬ ಹುಳ ಹೊತ್ತುಕೊಂಡು ಬರ್ತಾವೆ.

ಸವಿತಾ_ಮಿನಿಯಾಪೊಲಿಸ್
ನಮ್ಮದು ಇಲ್ಲೇ ಹುಟ್ಟಿದ್ದು, ಮೊಟ್ಟೆಯೊಡೆದ ದಿನಾಂಕ ಕೂಡ ಬರೆದು ಕೊಟ್ಟಿದ್ದಾರೆ. ಹೊಟ್ಟೆ ನೋಡಿದ್ವಿ, ಬಿಳಿಯಾಗೇ ಇದೆ, ಸುಟ್ಟ ಗುರುತಿಲ್ಲ, ಜೀವ ಬಂದ ಹಾಗಾಯ್ತು. ಥರ್ಮೋಸ್ಟ್ಯಾಟ್, ಸೆರಾಮಿಕ್ ಬಲ್ಬ್, ತೆಂಗಿನ ನಾರು ಎಲ್ಲ ಆರ್ಡರ್ ಮಾಡಿ ಆಯ್ತು. ಈಗ ಊಟದ ವಿಷಯ ಹೇಳಿ. ಜೀವಂತ ಇಲೀನೇ ಕೊಡಬೇಕಾ? ಮಗಳು ಕೊಡ್ತೀನಿ ಅಂತಾಳೆ, ನನ್ನ ಕೈಲಿ ನೋಡಕ್ಕಾಗಲ್ಲ.

ರವಿ_ನ್ಯೂಜೆರ್ಸಿ
ಒಂದೆರಡು ಸಲ ಜೀವಂತ ಕೊಟ್ಟು ಆಮೇಲೆ ಫ್ರೋಜನ್‌ಗೆ ತಿರುಗಿಸಿ. ಅಭ್ಯಾಸ ಇರೋದನ್ನ ಒಮ್ಮೆಲೇ ಬಿಡಿಸೋದು ಕಷ್ಟ. ಕಾಡಲ್ಲಿ ಯಾರು ಫ್ರೋಜನ್ ಕೊಡ್ತಾರೆ?

ಅನು_ಲೀಡ್ಸ್
ಕಾಡಲ್ಲಿ ಇಲಿಗೆ ಓಡೋಕೆ ಜಾಗ ಇರತ್ತೆ ರವಿ, ಪೆಟ್ಟಿಗೆಯಲ್ಲಿ ಇಲ್ಲ. ಮೂಲೆಗೆ ಸಿಕ್ಕಿದ ಇಲಿ ಕಚ್ಚತ್ತೆ. ಹಸಿವಿಲ್ಲದ ಹಾವಿನ ಜೊತೆ ರಾತ್ರಿಯೆಲ್ಲ ಇಲಿ ಬಿಟ್ಟು ಮಲಗಿದವರ ಹಾವನ್ನ ನೋಡಿದ್ದೀನಿ, ಬೆನ್ನಿನ ಚರ್ಮ ಕಿತ್ತು ಒಳಗಿನ ಮಾಂಸ ಕಾಣ್ತಿತ್ತು. ಇಲಿಗೂ ಹಿಂಸೆ, ಹಾವಿಗೂ ಹಿಂಸೆ. ಇನ್ನೂ ಕಣ್ಣು ಬಿಡದ ಇಲಿ ಮರಿ ಕಚ್ಚಲ್ಲ ನಿಜ, ಆದ್ರೂ ನಾನು ಫ್ರೋಜನ್ ಕಡೆಗೇ.

ಸವಿತಾ ಅವರೇ, ಅಳತೆ ಹೀಗೆ. ಮರಿಗೆ ಅದರ ತೂಕದ 10ರಿಂದ 15 ಪರ್ಸೆಂಟ್, ನಿಮ್ಮ 90 ಗ್ರಾಂ ಮರಿಗೆ 9ರಿಂದ 13 ಗ್ರಾಂ ಇಲಿ. ಅಡುಗೆ ತಕ್ಕಡಿ ಬೇಡ, ಹಾವಿಗೇ ಅಂತ ಬೇರೆ ತಕ್ಕಡಿ ಇಟ್ಟುಕೊಳ್ಳಿ. ಕಣ್ಣಳತೆಯಲ್ಲಿ ಹೇಳೋದಾದ್ರೆ ಹಾವಿನ ಮೈಯ ದಪ್ಪ ಭಾಗದಷ್ಟೇ ದಪ್ಪ. ಆರೇಳು ದಿನಕ್ಕೊಂದು ಸಲ. ರ‍್ಯಾಟ್ ಅಂದ್ರೆ ದೊಡ್ಡ ಜಾತಿ ಇಲಿಯ ಮರೀನೇ ಕೊಡಿ, ಮೌಸ್ ಅಂದ್ರೆ ಸಣ್ಣ ಸುಂಡಿಲಿಗೆ ಅಭ್ಯಾಸ ಆದ್ರೆ ದೊಡ್ಡದಾದ ಮೇಲೆ ಒಂದೇ ಹೊತ್ತಿಗೆ ಮೂರು ನಾಲ್ಕು ಕೊಡಬೇಕಾಗತ್ತೆ. ಆದ್ರೆ ನಿಮ್ಮ ಮರಿ ಮೊದಲು ಏನು ತಿಂತಿತ್ತು ಅಂತ ಬ್ರೀಡರ್‌ನ ಸರಿಯಾಗಿ ಕೇಳಿ, ಮೌಸಾ ರ‍್ಯಾಟಾ. ಮೊದಲ ಕೆಲವು ಊಟ ಅದೇ ಇರಲಿ.

ಬಿಸಿ ಮಾಡೋದರಲ್ಲೇ ಅರ್ಧ ಜನ ಎಡವೋದು. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ ಕರಗಿಸಿ. ಕೊಡೋಕೆ ಮುಂಚೆ ಜಿಪ್ ಚೀಲದಲ್ಲಿ ಹಾಕಿ ನಲ್ಲಿಯ ಬಿಸಿ ನೀರಲ್ಲಿ ಹತ್ತು ಹದಿನೈದು ನಿಮಿಷ. ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಬೇಯತ್ತೆ, ಹೊಟ್ಟೆ ಒಡೆಯತ್ತೆ. ಇಲಿಯ ತಲೆ 38, 40 ಡಿಗ್ರಿ ಇರಬೇಕು. ಯಾಕಂದ್ರೆ ಈ ಹಾವಿನ ಮೇಲ್ದುಟಿಯಲ್ಲಿ ಸಾಲಾಗಿ ಗುಳಿಗಳಿದ್ದಾವೆ, ಬಿಸಿ ಗ್ರಹಿಸೋ ಗುಳಿ, ಕತ್ತಲಲ್ಲಿ ಬೇಟೆ ಎಲ್ಲಿದೆ ಅಂತ ಅದರಿಂದಾನೇ ತಿಳಿಯೋದು. ಮೈ ಬೆಚ್ಚಗಿದ್ದು ತಲೆ ತಣ್ಣಗಿದ್ರೆ ಅದಕ್ಕೆ ಇಲಿ ಅಂತಾನೇ ಅನ್ನಿಸಲ್ಲ. ರಾತ್ರಿ ದೀಪ ಆರಿಸಿ ಒಂದು ಗಂಟೆ ಆದ್ಮೇಲೆ ಉದ್ದ ಚಿಮಟದಲ್ಲಿ ಹಿಡಿದು ಹೈಡ್ ಬಾಗಿಲ ಹತ್ರ ಸ್ವಲ್ಪ ಅಲ್ಲಾಡಿಸಿ. ಮೂತಿಗೆ ತಿವಿಯಬೇಡಿ. ತಗೊಳ್ಳಲಿಲ್ಲ ಅಂದ್ರೆ ಬಾಗಿಲಲ್ಲಿ ಇಟ್ಟು ಬನ್ನಿ. ಬೆಳಿಗ್ಗೆ ಹಾಗೇ ಇದ್ರೆ ಬಿಸಾಡಿ, ಮತ್ತೆ ಫ್ರೀಜ್ ಮಾಡಬಾರದು. ಆಮೇಲೆ ಒಂದು ವಾರ ಕೇಳಲೇಬೇಡಿ.

ಶ್ರೀನಿಧಿ_ಮ್ಯೂನಿಕ್
ಇದಕ್ಕೆ ಒಂದು ಸೇರಿಸ್ತೀನಿ. 1998ರಲ್ಲಿ ಲುಯಿಸೆಲ್ಲಿ ಮತ್ತು ಆಂಜೆಲಿಸಿ ಅನ್ನೋ ಇಬ್ಬರು ನೈಜೀರಿಯದಲ್ಲಿ ಕಾಡಿನ ಬಾಲ್ ಪೈಥಾನ್‌ಗಳ ಆಹಾರ ನೋಡಿದ್ರು. 70 ಸೆಂಟಿಮೀಟರ್‌ಗಿಂತ ಚಿಕ್ಕವು ಬಹುತೇಕ ಹಕ್ಕಿಗಳನ್ನೇ ತಿಂದಿದ್ವು, ಮೀಟರ್ ದಾಟಿದವು ಸಣ್ಣ ಸಸ್ತನಿಗಳನ್ನ. ಅದಕ್ಕೇ ಹಠ ಹಿಡಿದ ಮರಿಗೆ ಕೋಳಿ ಮರಿಯ ಪುಕ್ಕಕ್ಕೆ ಇಲೀನ ಉಜ್ಜಿ ಕೊಡ್ತಾರೆ, ಎಷ್ಟೋ ಸಲ ಕೆಲಸ ಮಾಡತ್ತೆ.

ಪ್ರಶಾಂತ_ಆಸ್ಟಿನ್
ಮತ್ತೆ ಇಷ್ಟು ದಿನ ಮಗಳು ಎತ್ಕೊಂಡು ಆಡ್ಸ್ತಿದ್ದಾಳಾ? ಹೊಸ ಮರಿಗೆ ಒಂದು ವಾರ ಪೂರ್ತಿ ಮುಟ್ಟಬಾರದು. ತಿಂದ ಮೇಲೆ 48 ಗಂಟೆ ಮುಟ್ಟಬಾರದು. ಸತತ ಮೂರು ಊಟ ಮಾಡೋ ತನಕ ಕೈಗೆ ತಗೊಳ್ಳೋದು ಬೇಡ.

ಸವಿತಾ_ಮಿನಿಯಾಪೊಲಿಸ್
ಶಾಲೆಯಿಂದ ಬಂದ ತಕ್ಷಣ ಎತ್ಕೋತಾಳೆ. ಹೇಳ್ತೀನಿ. ತಿನ್ನಿಸೋಕೆ ಬೇರೆ ಡಬ್ಬಿಗೆ ಹಾಕಬೇಕು, ಇಲ್ಲದಿದ್ರೆ ಟ್ಯಾಂಕಿಗೆ ಕೈ ಹಾಕಿದಾಗ ಕಚ್ಚತ್ತೆ ಅಂತ ಅಂಗಡಿಯವರು ಹೇಳಿದ್ರು, ಅದು?

ರವಿ_ನ್ಯೂಜೆರ್ಸಿ
ಬೇಡ. ಇದರಲ್ಲಿ ನಾನೂ ಅನು ಅಕ್ಕನೂ ಒಂದೇ ಪಾರ್ಟಿ ಅನ್ಸತ್ತೆ. ಎತ್ತಿ ಬೇರೆ ಡಬ್ಬಿಗೆ ಹಾಕಿದ್ರೆ ಹೆದರಿ ಉಂಡೆ ಸುತ್ತಿಕೊಂಡು ಕೂರತ್ತೆ, ಬಾಲ್ ಅಂತ ಹೆಸರು ಬಂದಿದ್ದೇ ಅದಕ್ಕೆ. ತಿಂದ ಮೇಲೆ ಎತ್ತಿ ವಾಪಸ್ ಹಾಕಿದ್ರೆ ಕಕ್ಕತ್ತೆ. ಟ್ಯಾಂಕಲ್ಲೇ ಕೊಡಿ.

ಅನು_ಲೀಡ್ಸ್
ಹೌದು, ಇದು ಸರಿ. ಕಕ್ಕಿದ್ರೆ ಎರಡು ವಾರ ಏನೂ ಕೊಡಬಾರದು, ಆಮೇಲೆ ಮೊದಲಿನದಕ್ಕಿಂತ ಸಣ್ಣ ಇಲಿ.

ಲಲಿತಾ_ಮೈಸೂರು
ಸವಿತಾ, ನನ್ನ ಮಗನ ಮನೇಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಸಮಸ್ಯೆ ಇತ್ತಮ್ಮ. ಮೊಮ್ಮಗನ ಹಾವಿಗೆ ಅವರು ಗ್ಯಾರೇಜಿನಲ್ಲಿ ಒಂದು ಪುಟ್ಟ ಫ್ರೀಜರ್ ಇಟ್ಟಿದ್ದಾರೆ, ಅದರಲ್ಲಿ ಬೇರೇನೂ ಇಡಲ್ಲ. ಚಿಮಟ, ಬಕೆಟ್ಟು, ತಕ್ಕಡಿ ಎಲ್ಲ ಅಲ್ಲೇ. ಅಡುಗೆ ಮನೆಗೆ ಯಾವುದೂ ಬರಲ್ಲ. ನಾನು ಹೋದಾಗ ಮೊದಲೇ ಕೂರಿಸಿಕೊಂಡು ಹೇಳಿದ, ಅಮ್ಮ ಹೀಗ್ಹೀಗೆ ಇದೆ ಅಂತ. ಮುಚ್ಚಿಟ್ಟು ಆಮೇಲೆ ನಾನೇ ಫ್ರೀಜರ್ ತೆಗೆದು ನೋಡಿದ್ದಿದ್ರೆ ಬೇಜಾರಾಗ್ತಿತ್ತು. ಹಾವಿನ ಆಹಾರ ಅದು, ಅದಕ್ಕೆ ಅನ್ನ ಸಾರು ಹಾಕೋಕಾಗತ್ತಾ? ಅತ್ತೆಗೆ ಬರೋಕೆ ಮುಂಚೆ ಫೋನಿನಲ್ಲೇ ಹೇಳಿಬಿಡು.

ಗುರು_ಸಿಂಗಪುರ
ಸಸ್ಯಾಹಾರಿಗಳಿಗೆ ಮನೇಲಿ ಸತ್ತ ಇಲಿ ಇಡೋದು ಮನಸ್ಸಿಗೆ ಒಗ್ಗಲ್ಲ ಅಂದ್ರೆ ಹಾವು ಯಾಕೆ ಸಾಕಬೇಕು? ಆಮೆ ಸಾಕಿ, ಸೊಪ್ಪು ತಿನ್ನೋದು. ಮಗು ಕೇಳಿದ್ದೆಲ್ಲ ಕೊಡಿಸಬೇಕಾ?

ಲಲಿತಾ_ಮೈಸೂರು
ಮಗು ಒಂದು ಜೀವದ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡು ಓದಿ ತಿಳಿದುಕೊಂಡು ತಂದಿದೆ. ಅದಕ್ಕೆ ನಾವು ಜೊತೆ ನಿಲ್ಲಬೇಕು ಗುರು.

ಅನು_ಲೀಡ್ಸ್
ಅಡುಗೆ ಮನೆಯಿಂದ ದೂರ ಇಡೋದು ಮಡಿಗೆ ಮಾತ್ರ ಅಲ್ಲ, ಆರೋಗ್ಯಕ್ಕೂ ಬೇಕು. ಹಾವಿನ ಮೈಯಲ್ಲಿ, ಇಲಿಯಲ್ಲಿ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರಬಹುದು, ಹಾವು ನೋಡೋಕೆ ಗಟ್ಟಿಮುಟ್ಟಾಗಿದ್ರೂ. ನೀರಿನ ಬಟ್ಟಲು ಅಡುಗೆ ಸಿಂಕ್‌ನಲ್ಲಿ ತೊಳೀಬಾರದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀಬೇಕು. ಐದು ವರ್ಷದೊಳಗಿನ ಮಕ್ಕಳಿರೋ ಮನೇಲಿ ಸರೀಸೃಪ ಬೇಡ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳತ್ತೆ.

ನಾಗರಾಜ_ಪುತ್ತೂರು
ನೀವೆಲ್ಲ ಬರೆದದ್ದು ಓದಿದೆ. ಇಷ್ಟು ಕಾಳಜಿ ಉಂಟು ಅಂತ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಮನೆಗೊಂದು ನಾಗಬನ ಉಂಟು, ತಂಬಿಲ ಕೊಡ್ತೇವೆ, ಬನದ ಒಂದು ಗೆಲ್ಲು ಸಹ ಕಡಿಯುವುದಿಲ್ಲ. ಹಾವು ಅದರ ಜಾಗದಲ್ಲಿ, ನಾವು ನಮ್ಮ ಜಾಗದಲ್ಲಿ. ಅದಕ್ಕೇ ಪೆಟ್ಟಿಗೆ ಅಂದ ಕೂಡಲೆ ಬೇಸರ ಆದದ್ದು. ಅಲ್ಲಿ ಹುಟ್ಟಿದ ಮರಿಯನ್ನು ಇನ್ನು ಹೊರಗೆ ಬಿಡಲಿಕ್ಕೂ ಆಗುವುದಿಲ್ಲ ಅಲ್ವಾ, ಆ ಚಳಿಯಲ್ಲಿ.

ಶ್ರೀನಿಧಿ_ಮ್ಯೂನಿಕ್
ನಾಗರಾಜಣ್ಣ, ನಿಮಗೆ ಇಷ್ಟ ಆಗೋ ವಿಷಯ ಹೇಳ್ತೀನಿ. ಬೆನಿನ್ ದೇಶದಲ್ಲಿ ವಿದಾ ಅಂತ ಊರು, ಅಲ್ಲಿ ಹೆಬ್ಬಾವಿನ ದೇವಸ್ಥಾನವೇ ಇದೆ, ಒಳಗಿರೋದು ಇದೇ ಬಾಲ್ ಪೈಥಾನ್. ವೊಡೂನ್ ಧರ್ಮದಲ್ಲಿ ದಾಂಗ್ಬೆ ಅನ್ನೋ ಸರ್ಪದೇವರು. ಹಾವುಗಳನ್ನ ಆಗಾಗ ಹೊರಗೆ ಬಿಡ್ತಾರೆ, ಊರಲ್ಲಿ ಸುತ್ತಿ ಇಲಿ ಹಿಡಿದು ತಿಂತಾವೆ, ಯಾರದಾದ್ರೂ ಮನೆಗೆ ಹೋದ್ರೆ ಅವರು ಹೊಡೆಯಲ್ಲ, ಮರ್ಯಾದೆಯಿಂದ ತಂದು ದೇವಸ್ಥಾನಕ್ಕೆ ಬಿಡ್ತಾರೆ. ಎದುರಿಗೇ ಕ್ಯಾಥೊಲಿಕ್ ಬೆಸಿಲಿಕಾ.

ನಾಗರಾಜ_ಪುತ್ತೂರು
ಓ ದೇವರೇ, ಅಷ್ಟು ದೂರದಲ್ಲಿಯೂ ಹೀಗೆ ಉಂಟಾ! ಇದನ್ನು ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳ್ತೇನೆ.

ಸವಿತಾ_ಮಿನಿಯಾಪೊಲಿಸ್
ತಿಂತು!!! ಎಲ್ಲ ಬದಲಾಯಿಸಿ, ಎರಡು ಹೈಡ್ ಇಟ್ಟು, ಒಂದು ವಾರ ಬಟ್ಟೆ ಮುಚ್ಚಿ ಬಿಟ್ಟಿದ್ವಿ. ಈಗ ಬಿಸಿ ಕಡೆ 32, ತಂಪು 26, ಹ್ಯುಮಿಡಿಟಿ 65. ಮೂತಿ ಒತ್ತೋದು ನಿಂತೇ ಹೋಯ್ತು, ಹಗಲೆಲ್ಲ ಚಿಪ್ಪಿನೊಳಗೆ ಇರತ್ತೆ. ನಿನ್ನೆ ರಾತ್ರಿ ತಲೆ ಬಿಸಿ ಮಾಡಿ ಬಾಗಿಲ ಹತ್ರ ಹಿಡಿದಳು, ಒಂದೇ ಏಟಿಗೆ ಹಿಡಿದು ಸುತ್ತಿಕೊಂಡಿತು. ಜೀವಂತ ಕೊಡಬೇಕಾಗ್ಲೇ ಇಲ್ಲ. ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ, ಅತ್ತೆಗೂ ಫೋನ್ ಮಾಡಿ ಹೇಳಿದೆ, "ನನ್ನ ರೂಮಿಗೆ ಬರಲ್ಲ ತಾನೆ" ಅಂದ್ರು ಅಷ್ಟೆ.

ರವಿ_ನ್ಯೂಜೆರ್ಸಿ
ಸೂಪರ್! ಇನ್ನು ತೂಕ ಬರೆದಿಡ್ತಾ ಹೋಗಿ. ದೊಡ್ಡದಾದ ಮೇಲೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರತ್ತೆ, ತೂಕ ಇಳೀದೆ ಇದ್ರೆ ಗಾಬರಿ ಬೇಡ. ಮರಿ 10 ಪರ್ಸೆಂಟ್‌ಗಿಂತ ಜಾಸ್ತಿ ಇಳಿದ್ರೆ ವೆಟ್.

ಕೆಂಚಪ್ಪ_ಶಿವಮೊಗ್ಗ
ಎಷ್ಟು ವರ್ಷ ಬದುಕತ್ತೆ ಇದು?

ಪ್ರಶಾಂತ_ಆಸ್ಟಿನ್
ಚೆನ್ನಾಗಿ ನೋಡ್ಕೊಂಡ್ರೆ 20ರಿಂದ 30 ವರ್ಷ. ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಒಂದು ಹೆಣ್ಣು ಇತ್ತು, 2020ರಲ್ಲಿ 60 ದಾಟಿದ ವಯಸ್ಸಲ್ಲಿ 7 ಮೊಟ್ಟೆ ಇಟ್ಟಿತು, ಎಷ್ಟೋ ವರ್ಷದಿಂದ ಗಂಡಿನ ಜೊತೆ ಇರಲೇ ಇಲ್ಲ. ಮಗಳು ಕಾಲೇಜಿಗೆ ಹೋದ ಮೇಲೆ ಯಾರು ನೋಡ್ಕೋತೀರಿ ಅಂತ ಈಗ್ಲೇ ಮಾತಾಡ್ಕೊಳ್ಳಿ ಸವಿತಾ ಮೇಡಂ. ನಿಮ್ಮ ಗಂಡು 25 ವರ್ಷ ಇದ್ರೆ ಅವಳಿಗೆ ಆಗ 38.

ಸವಿತಾ_ಮಿನಿಯಾಪೊಲಿಸ್
ನಾನೇ ನೋಡ್ಕೋತೀನಿ. ಈಗ ನನಗೂ ಅಂಟಿಕೊಂಡಿದೆ. ಇವತ್ತು ಕಣ್ಣು ಬೂದು ನೀಲಿ ಥರ ಮಂಜಾಗಿದೆ, ಮೈ ಬಣ್ಣ ಮಂಕಾಗಿದೆ, ಪೊರೆ ಬಿಡತ್ತಾ?

ಅನು_ಲೀಡ್ಸ್
ಹೌದು. ಮರಿಗಳು ನಾಲ್ಕರಿಂದ ಆರು ವಾರಕ್ಕೊಮ್ಮೆ ಬಿಡ್ತಾವೆ. ಈಗ ಸರಿಯಾಗಿ ಕಣ್ಣು ಕಾಣಲ್ಲ, ಮುಟ್ಟಬೇಡಿ, ಊಟ ಬೇಡ ಅಂದ್ರೆ ಬಿಟ್ಟುಬಿಡಿ. ಹ್ಯುಮಿಡಿಟಿ 75ಕ್ಕೆ ಏರಿಸಿ. ಪೊರೆ ಮೂತಿಯಿಂದ ಬಾಲದ ತುದಿ ತನಕ ಒಂದೇ ತುಂಡಾಗಿ ಬರಬೇಕು, ಬಿಟ್ಟ ಪೊರೆಯಲ್ಲಿ ಎರಡು ಕಣ್ಣಿನ ಮುಚ್ಚಳವೂ ಇದೆಯಾ ನೋಡಿ. ಕಣ್ಣಲ್ಲೇ ಉಳಿದಿದ್ರೆ ಕೀಳಬೇಡಿ, ಮುಂದಿನ ಪೊರೆ ತನಕ ತೇವ ಕಾಯ್ದುಕೊಂಡ್ರೆ ಬಹಳ ಸಲ ಅದರ ಜೊತೆ ಬಂದುಬಿಡತ್ತೆ, ಬರದಿದ್ರೆ ವೆಟ್ ತೆಗೀತಾರೆ.

ಗುರು_ಸಿಂಗಪುರ
ಬಿಳಿ ಹಳದಿ ಜೇಡರ ಬಲೆ ಥರ ಗೆರೆ ಇರೋದು ನೋಡಿದ್ದೆ, ಸ್ಪೈಡರ್ ಅಂತಾರಂತೆ. ತುಂಬಾ ಚೆನ್ನಾಗಿತ್ತು.

ಅನು_ಲೀಡ್ಸ್
ನೋಡೋಕೆ ಚೆಂದ, ಆದ್ರೆ ಆ ಬಣ್ಣದ ಜೀನ್ ಜೊತೆಗೇ ತಲೆ ತೂಗಾಡೋ ತೊಂದರೆ ಬರತ್ತೆ. ಕೆಲವಕ್ಕೆ ಸ್ವಲ್ಪ, ಕೆಲವು ಇಲಿ ಕಡೆ ಗುರಿ ಇಡೋಕಾಗದೆ ಹೊರಳಾಡ್ತಾವೆ. ಅದನ್ನ ಗೊತ್ತಿದ್ದೂ ಮತ್ತೆ ಮತ್ತೆ ಮರಿ ಮಾಡಿಸೋದು ನನಗೆ ಸ್ವಲ್ಪವೂ ಇಷ್ಟ ಇಲ್ಲ.

ಸವಿತಾ_ಮಿನಿಯಾಪೊಲಿಸ್
ಇನ್ನೊಂದು ಕೇಳಿಬಿಡ್ತೀನಿ. ಇಲ್ಲಿ ಹಿಮಗಾಳಿ ಬಂದಾಗ ಕರೆಂಟ್ ಹೋಗೋದುಂಟು, ಮನೆ ಬೇಗ ತಣ್ಣಗಾಗತ್ತೆ. ಹಾವನ್ನ ಏನು ಮಾಡೋದು?

ಪ್ರಶಾಂತ_ಆಸ್ಟಿನ್
2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಚಳಿಗೆ ಲಕ್ಷಾಂತರ ಮನೆಗೆ ಕರೆಂಟ್ ಇಲ್ಲದೆ ಇತ್ತಲ್ಲ, ಆಗ ನಾನು ಮಾಡಿದ್ದು ಹೇಳ್ತೀನಿ. ಹಾವನ್ನ ದಿಂಬಿನ ಕವರ್‌ಗೆ ಬಿಟ್ಟು ಬಾಯಿ ಗಂಟು ಹಾಕಿ, ಅದನ್ನ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಡಿ, ಪಕ್ಕಕ್ಕೆ ನಾಲ್ಕೈದು ಸಣ್ಣ ಗಾಳಿ ತೂತು. ಕೈ ಬಿಸಿ ಮಾಡ್ಕೊಳ್ಳೋ ಹ್ಯಾಂಡ್ ವಾರ್ಮರ್ ಪೊಟ್ಟಣ ಟವಲ್‌ನಲ್ಲಿ ಸುತ್ತಿ ಒಂದು ಮೂಲೇಲಿ, ಚೀಲಕ್ಕೆ ತಾಗದ ಹಾಗೆ. ಇಲ್ಲದಿದ್ರೆ ಬಿಸಿ ನೀರಿನ ಬಾಟಲಿ. ಒಳಗೆ ಥರ್ಮಾಮೀಟರ್ ಇಟ್ಟು 25ರ ಆಸುಪಾಸು ಇದ್ರೆ ಸಾಕು. ಹಿಮಗಾಳಿ ಮುನ್ಸೂಚನೆ ಇದ್ದ ವಾರ ಊಟ ಕೊಡಬೇಡಿ, ಮೈ ತಣ್ಣಗಾದ್ರೆ ತಿಂದಿದ್ದು ಜೀರ್ಣ ಆಗಲ್ಲ, ಕಕ್ಕತ್ತೆ.

ಲಲಿತಾ_ಮೈಸೂರು
ಕಾರಿನಲ್ಲಿ ಹೀಟರ್ ಹಾಕಿ ಕೂತ್ಕೋಬಹುದಲ್ವಾ?

ಪ್ರಶಾಂತ_ಆಸ್ಟಿನ್
ಕೂರಬಹುದು ಅಮ್ಮ, ಆದ್ರೆ ಗ್ಯಾರೇಜಿನಿಂದ ಹೊರಗೆ ತೆಗೆದು ನಿಲ್ಲಿಸಿ, ಸೈಲೆನ್ಸರ್ ಮುಂದೆ ಹಿಮ ಇಲ್ಲದ ಹಾಗೆ ಗುದ್ದಲಿಯಲ್ಲಿ ತೆಗೆದು. ಇಲ್ಲಾಂದ್ರೆ ಕಾರ್ಬನ್ ಮಾನಾಕ್ಸೈಡ್ ಹಾವಿಗೂ ನಮಗೂ ಪ್ರಾಣಾಪಾಯ.

ಸವಿತಾ_ಮಿನಿಯಾಪೊಲಿಸ್
ಥರ್ಮೋಕೋಲ್ ಪೆಟ್ಟಿಗೆ ಎಲ್ಲಿ ಸಿಗತ್ತೆ ಇಲ್ಲಿ?

ರವಿ_ನ್ಯೂಜೆರ್ಸಿ
ಇಂಡಿಯನ್ ಗ್ರೋಸರಿಯಲ್ಲಿ ಕೇಳಿ, ಫ್ರೋಜನ್ ಸಾಮಾನು ಅದರಲ್ಲೇ ಬರೋದು, ಖಾಲಿ ಆದದ್ದು ಹಿಂದುಗಡೆ ಬಿಸಾಡಿರ್ತಾರೆ. ಮುಚ್ಚಳ ಬಿಗಿಯಾಗಿರೋದು ಆರಿಸ್ಕೊಳ್ಳಿ.